ಮುಠಾ ನದಿಯ ಗುಂಟ, ಭೀಮೆಯವರೆಗೆ

ಗುರುವಾರ, ಪುಣೆ

ಕಲಬುರಗಿಯಲ್ಲಿ ಬೆಳಿಗ್ಗೆ ಉದ್ಯಾನ್ ಎಕ್ಸ್‌ಪ್ರೆಸ್ ಹತ್ತಿದ ನಾನು ಹೊತ್ತು ಇಳಿಯುವ ಮುಂಚೆ ಪುಣೆಯಲ್ಲಿದ್ದೆ. ಚೀಲದಲ್ಲಿ ಸಂಕ್ರಾಂತಿಯ ಸಜ್ಜೆ ರೊಟ್ಟಿ, ಶೇಂಗಾ ಹೋಳಿಗೆ. ಜೊತೆಗೆ ಅಮ್ಮನ ಆಸ್ಪತ್ರೆಯ ಕಾಗದಗಳಿದ್ದ ಒಂದು ಕಡತ. ಅಕ್ಕ ರೊಟ್ಟಿಯ ಗಂಟು ಬಿಚ್ಚುವಷ್ಟರಲ್ಲಿ ಅವಳ ಮಗಳು ಕಡತ ಬಿಚ್ಚಿ ಕುಳಿತಿದ್ದಳು. ಸೂಕ್ಷ್ಮಜೀವಿ ವಿಜ್ಞಾನದಲ್ಲಿ ಎಂ.ಎಸ್ಸಿ. ಓದುತ್ತಿರುವ ಹುಡುಗಿ. ನಾನೂ ಪಿಯು ಕಾಲೇಜಿನಲ್ಲಿ ಜೀವಶಾಸ್ತ್ರ ಕಲಿಸುವವನು. ಹಾಗಾಗಿ ಮಾತು ನೇರವಾಗಿ, ಅಮ್ಮನ ಸೋಂಕಿಗೆ ಯಾವ ಔಷಧ ನಾಟುತ್ತದೆ ಎಂದು ಪರೀಕ್ಷಿಸಿ ಬರೆದ ಹಾಳೆಗೇ ಬಂತು.

ಹಾಳೆಯ ಎಡಕ್ಕೆ ಔಷಧಗಳ ಹೆಸರು, ಬಲಕ್ಕೆ ಒಂದೊಂದು ಇಂಗ್ಲಿಷ್ ಅಕ್ಷರ. ಎಸ್ ಎಂದಿದ್ದರೆ ಔಷಧ ನಾಟುತ್ತದೆ, ಆರ್ ಎಂದಿದ್ದರೆ ನಾಟುವುದಿಲ್ಲ. ಆ್ಯಂಪಿಸಿಲಿನ್ ಆರ್. ಸಿಪ್ರೊಫ್ಲಾಕ್ಸಾಸಿನ್ ಆರ್. ಕೋಟ್ರೈಮಾಕ್ಸಜೋಲ್ ಆರ್. ಸೆಫ್ಟ್ರಿಯಾಕ್ಸೋನ್ ಆರ್. ಕೆಳಗೆ ಅಮಿಕಾಸಿನ್ ಮತ್ತು ಮೆರೊಪೆನೆಮ್ ಎದುರು ಮಾತ್ರ ಎಸ್. ಮೂತ್ರದ ಸೋಂಕು ಎಂದು ಶುರುವಾಗಿದ್ದು, ಮಾತ್ರೆ ಬದಲಿಸಿದರೂ ಜ್ವರ ಬಿಡದೆ, ಕೊನೆಗೆ ದಿನಕ್ಕೆ ಮೂರು ಹೊತ್ತು ರಕ್ತನಾಳಕ್ಕೆ ಮೆರೊಪೆನೆಮ್ ಏರಿಸಿ ಅಮ್ಮನನ್ನು ಉಳಿಸಿಕೊಂಡೆವು.

ಅಮ್ಮನ ಸೋಂಕು ನದಿಯಿಂದ ಬಂತೆಂದು ನಾನು ಹೇಳುತ್ತಿಲ್ಲ. ಹಾಗೆ ಹೇಳಲು ನನ್ನ ಬಳಿ ಆಧಾರವಿಲ್ಲ. ಅದು ಎಲ್ಲರ ಕರುಳಿನಲ್ಲೂ ವಾಸಿಸುವ ಈ-ಕೋಲೈ ಎಂಬ ಬ್ಯಾಕ್ಟೀರಿಯಾ. ಆದರೆ ಗುಳಿಗೆ ಎಂದರೆ ಮೂಗು ಮುರಿಯುತ್ತಿದ್ದ ಹಳ್ಳಿಯ ಹೆಂಗಸಿನ ಕರುಳಿಗೆ ಇಷ್ಟು ಔಷಧಗಳನ್ನು ಸೋಲಿಸುವ ತಳಿ ಬಂದು ಸೇರಿದ್ದು ಹೇಗೆ? ಆ ಪ್ರಶ್ನೆ ನನ್ನನ್ನು ಬಿಟ್ಟಿರಲಿಲ್ಲ.

ನಮ್ಮ ಊರು ಅಫಜಲಪುರ ತಾಲ್ಲೂಕಿನಲ್ಲಿ, ಭೀಮೆಯ ದಂಡೆಯ ಮೇಲೆ. ಪುಣೆಯ ಮುಳಾ ಮತ್ತು ಮುಠಾ ನದಿಗಳು ಊರೊಳಗೇ ಕೂಡಿ, ಮುಳಾ-ಮುಠಾ ಆಗಿ ಹರಿದು, ರಾಂಜಣಗಾವ್ ಸಾಂಡಸದಲ್ಲಿ ಭೀಮೆಯನ್ನು ಸೇರುತ್ತವೆ. ಆ ಭೀಮೆ ಉಜನಿ ಅಣೆಕಟ್ಟು ದಾಟಿ, ಪಂಢರಪುರದಲ್ಲಿ ಚಂದ್ರಭಾಗೆ ಎನಿಸಿಕೊಂಡು, ವಿಜಯಪುರ ಜಿಲ್ಲೆಯ ಅಂಚು ಹಿಡಿದು ನಮ್ಮ ಗಾಣಗಾಪುರಕ್ಕೆ ಬರುತ್ತದೆ. ನಮ್ಮೂರ ನಲ್ಲಿಯಲ್ಲಿ ಬೀಳುವುದು ಅದೇ ನೀರು.

“ಮಾಮಾ, ನಾಳೆಯಿಂದ ಪ್ರಾಜೆಕ್ಟಿಗೆ ನೀರು ಹಿಡಿಯಲು ಹೋಗುತ್ತೇನೆ. ನೀವೂ ಬನ್ನಿ, ಐಸ್ ಪೆಟ್ಟಿಗೆ ಹೊರಲು ಒಬ್ಬರು ಬೇಕು” ಎಂದಳು. ನಾನು ಬಂದದ್ದೇ ಅದಕ್ಕೆ.

ಶುಕ್ರವಾರ, ಖಡಕವಾಸಲಾ

ಪುಣೆಯ ನೈರುತ್ಯಕ್ಕೆ, ಸಿಂಹಗಡದ ದಾರಿಯಲ್ಲಿ ಖಡಕವಾಸಲಾ ಅಣೆಕಟ್ಟು. ಬ್ರಿಟಿಷರ ಕಾಲದ ಕಲ್ಲಿನ ಕಟ್ಟೋಣ. 1961ರ ಜುಲೈ 12ರಂದು ಮೇಲಿನ ಪಾನಶೇತ್ ಅಣೆಕಟ್ಟು ಒಡೆದಾಗ ಇದೂ ತಡೆಯಲಾರದೆ ಹೋಗಿ, ಪುಣೆಯ ಹಳೆಯ ಪೇಟೆಗಳು ಮುಳುಗಿದ್ದವು. ಇಂದು ಸಂಜೆಗೆ ಜನ ಸುಟ್ಟ ಜೋಳದ ತೆನೆ, ಕಾಂದಾ ಭಜಿ ತಿನ್ನಲು ಬರುವ ಜಾಗ. ನಾವು ಹೋದದ್ದು ಬೆಳಿಗ್ಗೆ ಬೇಗ. ಅಣೆಕಟ್ಟಿನ ಮೇಲ್ಗಡೆಯ ನೀರು ತಣ್ಣಗೆ, ತಿಳಿಯಾಗಿ, ದಂಡೆಯ ಬೆಣಚು ಕಲ್ಲುಗಳು ಕಾಣುವಂತಿತ್ತು.

ಹುಡುಗಿ ಕೈಗವಸು ತೊಟ್ಟು, ಶಾಖದಿಂದ ಶುದ್ಧಿ ಮಾಡಿದ ಗಾಜಿನ ಸೀಸೆಯನ್ನು ಮೊಣಕಾಲುದ್ದ ನೀರಿನಲ್ಲಿ ನಿಂತು ಮುಳುಗಿಸಿದಳು. ಮುಚ್ಚಳ ತೆರೆಯುವುದು, ತುಂಬುವುದು, ಮುಚ್ಚುವುದು ಮೂರೂ ನೀರಿನೊಳಗೇ. ಮೇಲೆ ತೇಲುವ ಪದರ ಒಳಗೆ ಸೇರಬಾರದು. ಆಮೇಲೆ ಒಂದು ಚಿಕ್ಕ ಉಕ್ಕಿನ ಸೌಟಿನಿಂದ ತಳದ ಹೂಳು ತೆಗೆದು ಇನ್ನೊಂದು ಡಬ್ಬಿಗೆ. ಜಾಗ, ಹೊತ್ತು, ನೀರಿನ ತಾಪ ಬರೆದ ಚೀಟಿ ಅಂಟಿಸಿ ಐಸ್ ಮೇಲೆ ಇಟ್ಟಳು. ಇಪ್ಪತ್ತನಾಲ್ಕು ಗಂಟೆಯೊಳಗೆ ಪ್ರಯೋಗಾಲಯದಲ್ಲಿ ಬಿತ್ತನೆ ಆಗಬೇಕು. ತಡವಾದರೆ ಕೆಲವು ಬ್ಯಾಕ್ಟೀರಿಯಾ ಸಾಯುತ್ತವೆ, ಕೆಲವು ಹೆಚ್ಚುತ್ತವೆ, ಲೆಕ್ಕ ಸುಳ್ಳಾಗುತ್ತದೆ.

ಇಲ್ಲಿನ ನೀರೇ ಪುಣೆಯವರು ಕುಡಿಯುವ ನೀರು. ಕುಡಿದದ್ದು ಮುಂದೆ ಎಲ್ಲಿಗೆ ಹೋಗುತ್ತದೆ ಎಂಬುದನ್ನು ನಾಳೆ ನೋಡಬೇಕಿತ್ತು.

ಶನಿವಾರ, ಊರೊಳಗೆ

ವಿಠ್ಠಲವಾಡಿಯ ಘಾಟಿನಿಂದ ಶುರು ಮಾಡಿ ಸಂಗಮದವರೆಗೆ, ಅಲ್ಲಲ್ಲಿ ರಿಕ್ಷಾ ಹತ್ತಿ, ಹೆಚ್ಚಾಗಿ ನಡೆದು, ಇಡೀ ದಿನ ಮುಠೆಯ ಜೊತೆ ಕಳೆದೆವು. ವಿಠ್ಠಲನ ಗುಡಿಯ ಮೆಟ್ಟಿಲ ಮೇಲೆ ಹಣತೆ ಹಚ್ಚಿದ್ದರು. ಕೆಳಗಿನ ನೀರು ಬೂದು ಬಣ್ಣದ್ದು. ಮುಂದೆ ಭಿಡೆ ಪುಲ್‌, ಮಳೆಗಾಲದಲ್ಲಿ ಖಡಕವಾಸಲೆಯ ಬಾಗಿಲು ತೆರೆದ ಕೂಡಲೇ ಮುಳುಗುವ ತಗ್ಗು ಸೇತುವೆ. ಜನವರಿಯಲ್ಲಿ ಮೇಲಿನಿಂದ ನೀರು ಬಿಡುವುದು ಕಡಿಮೆ. ಆದರೂ ನದಿ ಬತ್ತಿರಲಿಲ್ಲ. ಏಕೆಂದರೆ ಹರಿಯುತ್ತಿದ್ದುದರಲ್ಲಿ ಹೆಚ್ಚಿನದು ಚರಂಡಿ. ದಂಡೆಯ ಗೋಡೆಯಿಂದ ಹೊರಚಾಚಿದ ಕೊಳವೆಗಳು, ನಾಲೆಗಳು ಒಂದರ ಹಿಂದೆ ಒಂದು ಬಂದು ಬೀಳುತ್ತಿದ್ದವು. ಎಲ್ಲಿ ನಾಲೆ ಬಿದ್ದಿತ್ತೋ ಅಲ್ಲಿ ನೊರೆ, ನೊರೆಯ ಆಚೆ ಅಂತರಗಂಗೆಯ ಹಸಿರು.

ಓಂಕಾರೇಶ್ವರ ದೇವಸ್ಥಾನದ ಹತ್ತಿರ ಅವಳು ಹೂಳಿಗೆ ಸೌಟು ಹಾಕಿದಾಗ ನಾನು ಬಗ್ಗಿ ನೋಡಿದೆ. ನಿನ್ನೆಯ ಹೂಳು ಕಂದು ಮರಳು. ಇಂದಿನದು ಇದ್ದಿಲ ಕಪ್ಪು, ಜಿಡ್ಡು. ಸೌಟು ಎತ್ತಿದ ಗುಂಡಿಯಿಂದ ಗುಳ್ಳೆಗಳು ಎದ್ದು ಒಡೆದವು, ಕೊಳೆತ ಮೊಟ್ಟೆಯ ವಾಸನೆ ಬಂತು. ಆಮ್ಲಜನಕವೇ ಇಲ್ಲದ ಕೆಸರು ಅದು. ಒಂದು ಹತ್ತಿಯ ಎಳೆ, ಒಂದು ಮಾತ್ರೆಯ ಅಲ್ಯೂಮಿನಿಯಂ ಹಾಳೆಯ ಚೂರು ಅದರಲ್ಲಿ ಸಿಕ್ಕಿಕೊಂಡಿದ್ದವು. ಹಾಳೆಯ ಮೇಲಿನ ಕೆಂಪು ಗೆರೆ ಇನ್ನೂ ಮಾಸಿರಲಿಲ್ಲ. ವೈದ್ಯರ ಚೀಟಿ ಇಲ್ಲದೆ ಮಾರಬಾರದ ಔಷಧದ ಗುರುತು ಅದು.

ಈ ಹೂಳನ್ನು ವಿಜ್ಞಾನಿಗಳು ಈಗಾಗಲೇ ಓದಿದ್ದಾರೆ. 2017ರಲ್ಲಿ ‘ವಾಟರ್ ರಿಸರ್ಚ್’ ನಿಯತಕಾಲಿಕದಲ್ಲಿ ಭಾರತ ಮತ್ತು ಸ್ವೀಡನ್ನಿನ ಸಂಶೋಧಕರು ಮುಠಾ ನದಿಯ ಹೂಳಿನ ಡಿಎನ್‌ಎಯನ್ನೆಲ್ಲ ಒಟ್ಟಾಗಿ ತೆಗೆದು ಓದಿದ ಅಧ್ಯಯನ ಪ್ರಕಟಿಸಿದರು. ಒಂದು ಬ್ಯಾಕ್ಟೀರಿಯಾದಿಂದ ಇನ್ನೊಂದಕ್ಕೆ ದಾಟಬಲ್ಲ, ಔಷಧವನ್ನು ಸೋಲಿಸುವ ಗುಣ ಕೊಡುವ 175 ಬಗೆಯ ಪ್ರತಿರೋಧ ಜೀನ್‌ಗಳು ಅವರಿಗೆ ಸಿಕ್ಕವು. ಊರಿನ ಮೇಲ್ಗಡೆಗಿಂತ ಊರೊಳಗಿನ ಹೂಳಿನಲ್ಲಿ ಇಂತಹ ಜೀನ್‌ಗಳ ಪ್ರಮಾಣ 30 ಪಟ್ಟು ಹೆಚ್ಚು. ಅಮ್ಮನನ್ನು ಉಳಿಸಿದ ಮೆರೊಪೆನೆಮ್‌ನ ಗುಂಪಿನ ಔಷಧಗಳನ್ನೇ ಕತ್ತರಿಸಿ ಹಾಕುವ ಎನ್‌ಡಿಎಂ, ವಿಐಎಂ, ಕೆಪಿಸಿ, ಆಕ್ಸಾ-48 ಎಂಬ ಕಿಣ್ವಗಳ ಜೀನ್ ಎಲ್ಲವೂ ಅಲ್ಲಿದ್ದವು. ಆಸ್ಪತ್ರೆಯ ತುರ್ತು ನಿಗಾ ಘಟಕಗಳಲ್ಲಿ ವೈದ್ಯರನ್ನು ಕಂಗೆಡಿಸುವ ಅಸಿನೆಟೊಬ್ಯಾಕ್ಟರ್ ಎಂಬ ಕುಲ, ಊರೊಳಗಿನ ಕೆಲವು ಮಾದರಿಗಳಲ್ಲಿ ಒಟ್ಟು ಬ್ಯಾಕ್ಟೀರಿಯಾಗಳ ಶೇ. 29ರಷ್ಟು ಇತ್ತು. ಒಂದು ವಿಷಯ ಮಾತ್ರ ಯಾರೂ ನಿರೀಕ್ಷಿಸುವಂಥದ್ದಲ್ಲ: ಕೊನೆಯ ಅಸ್ತ್ರವೆನಿಸಿದ ಕೊಲಿಸ್ಟಿನ್ ಅನ್ನು ಮಣಿಸುವ ಎಂಸಿಆರ್-1 ಜೀನ್ ಸಿಕ್ಕಿದ್ದು ಊರೊಳಗಲ್ಲ, ಮೇಲ್ಗಡೆಯ ಒಂದೇ ಒಂದು ಮಾದರಿಯಲ್ಲಿ. ನಿನ್ನೆ ಕಂಡ ತಿಳಿನೀರನ್ನು ನೆನೆದು ನನಗೆ ಕಸಿವಿಸಿಯಾಯಿತು.

ನದಿಯಲ್ಲಿ ಇದೆಲ್ಲ ನಡೆಯುವುದು ಹೇಗೆ? ನಾವು ನುಂಗುವ ಎಷ್ಟೋ ಆ್ಯಂಟಿಬಯೋಟಿಕ್‌ಗಳು ಪೂರ್ತಿ ಕರಗದೆ, ದೊಡ್ಡ ಪಾಲು ಹಾಗೆಯೇ ಮೂತ್ರದಲ್ಲಿ ಹೊರಬೀಳುತ್ತವೆ. ಅದರ ಜೊತೆಗೆ ಚಿಕಿತ್ಸೆಯಲ್ಲಿ ಬದುಕುಳಿದ ಕರುಳಿನ ಬ್ಯಾಕ್ಟೀರಿಯಾಗಳೂ ಹೊರಬರುತ್ತವೆ. ಎರಡೂ ಒಂದೇ ಕೊಳವೆಯಲ್ಲಿ ಹರಿಯುತ್ತವೆ. ಔಷಧ ಅಲ್ಲಿ ಕೊಲ್ಲುವಷ್ಟು ಗಟ್ಟಿಯಾಗಿರುವುದಿಲ್ಲ. ಆದರೆ ಪ್ರತಿರೋಧ ಇದ್ದವುಗಳು ಇಲ್ಲದವುಗಳಿಗಿಂತ ಚೂರು ಹೆಚ್ಚು ಬೆಳೆಯಲು ಅಷ್ಟೇ ಸಾಕು. ಕಾರ್ಖಾನೆಯ ಲೋಹದ ಅಂಶ, ನೆಲ ಒರೆಸುವ ಸೋಂಕುನಾಶಕ ಕೂಡ ಇದೇ ಕೆಲಸ ಮಾಡುತ್ತವೆ, ಏಕೆಂದರೆ ಲೋಹವನ್ನು ತಾಳುವ ಜೀನ್ ಮತ್ತು ಔಷಧವನ್ನು ತಾಳುವ ಜೀನ್ ಎಷ್ಟೋ ಸಲ ಅಕ್ಕಪಕ್ಕದಲ್ಲೇ ಇರುತ್ತವೆ. ಇಂತಹ ಜೀನ್‌ಗಳು ಹೆಚ್ಚಾಗಿ ಕುಳಿತಿರುವುದು ಪ್ಲಾಸ್ಮಿಡ್ ಎಂಬ ಚಿಕ್ಕ ಡಿಎನ್‌ಎ ಉಂಗುರಗಳಲ್ಲಿ. ಬದುವಿನ ಆಚೀಚೆ ನಿಂತ ರೈತರು ಬೀಜ ಕೊಟ್ಟು ತೆಗೆದುಕೊಳ್ಳುವ ಹಾಗೆ, ಬೇರೆ ಬೇರೆ ಜಾತಿಯ ಬ್ಯಾಕ್ಟೀರಿಯಾಗಳು ಈ ಉಂಗುರಗಳನ್ನು ಹಂಚಿಕೊಳ್ಳುತ್ತವೆ. ದಟ್ಟ ಕೆಸರು ಅದಕ್ಕೆ ಹೇಳಿ ಮಾಡಿಸಿದ ಜಾಗ. ನೀರು ನಾಳೆ ಮುಂದೆ ಹೋಗುತ್ತದೆ, ಹೂಳು ಮುಂದಿನ ಮಹಾಪೂರದವರೆಗೆ ಇಲ್ಲೇ ಇರುತ್ತದೆ.

ಪತ್ರಿಕೆಗಳಲ್ಲಿ ಈ ಕುರಿತು ಓದುವಾಗಲೆಲ್ಲ ಬೈಗುಳ ಬೀಳುವುದು ಚೀಟಿ ಇಲ್ಲದೆ ಮಾತ್ರೆ ಕೊಡುವ ಅಂಗಡಿಯವರಿಗೆ, ಅರ್ಧಕ್ಕೆ ಬಿಡುವ ರೋಗಿಗಳಿಗೆ. ಆ ತಪ್ಪು ನಡೆಯುತ್ತಿರುವುದು ನಿಜ. ಆದರೆ ಭಿಡೆ ಪುಲ್ ಮೇಲೆ ನಿಂತಾಗ ನನಗೆ ಖಚಿತವಾಯಿತು: ಚರಂಡಿಯನ್ನು ಶುದ್ಧಿ ಮಾಡದೆ ನದಿಗೆ ಬಿಡುವ ಊರು, ಔಷಧವನ್ನು ಎಷ್ಟೇ ಶಿಸ್ತಿನಿಂದ ನುಂಗಿದರೂ ಪ್ರತಿರೋಧವನ್ನು ಬೆಳೆಸುತ್ತಲೇ ಇರುತ್ತದೆ. ಒಳಚರಂಡಿಯ ಕೆಲಸವನ್ನು ನಾವು ಎಂಜಿನಿಯರುಗಳ ಕಡತ ಎಂದು ತಿಳಿದಿದ್ದೇವೆ. ಅದು ವೈದ್ಯಕೀಯದ ಕೆಲಸ. ಜಪಾನಿನ ನೆರವಿನಿಂದ ಪುಣೆಗೆ 11 ಹೊಸ ಶುದ್ಧೀಕರಣ ಘಟಕಗಳು, ಒಟ್ಟು ದಿನಕ್ಕೆ 396 ದಶಲಕ್ಷ ಲೀಟರ್ ಸಾಮರ್ಥ್ಯದ್ದು, ಎಂದು 2016ರಲ್ಲೇ 990 ಕೋಟಿ ರೂಪಾಯಿಯ ಯೋಜನೆಗೆ ಒಪ್ಪಿಗೆ ಸಿಕ್ಕಿತ್ತು. ಅದು ವರ್ಷಗಟ್ಟಲೆ ಕುಂಟಿತು. ಆ ವರ್ಷಗಳಲ್ಲಿ ಹೂಳಿಗೆ ಇಳಿದದ್ದನ್ನು ಮರಳಿ ತೆಗೆಯುವವರು ಯಾರು ಎಂದು ಕೇಳುವ ಹಕ್ಕು ಭೀಮೆಯ ನೀರು ಕುಡಿಯುವ ನನಗಿದೆ.

ಸಂಗಮದ ಹತ್ತಿರ ಕತ್ತಲಾಗುತ್ತಿತ್ತು. ಹುಡುಗಿ ಸೀಸೆಗಳನ್ನು ಹೊತ್ತು ಸೀದಾ ಪ್ರಯೋಗಾಲಯಕ್ಕೆ ಹೋದಳು.

ಭಾನುವಾರ, ಪಿಂಪ್ರಿ

ಭಾವನ ತಂದೆಯನ್ನು ನಾವು ಕಾಕಾ ಎನ್ನುತ್ತೇವೆ. ಇಂಡಿ ತಾಲ್ಲೂಕಿನಿಂದ ಹುಡುಗರಾಗಿದ್ದಾಗಲೇ ಬಂದು, ಪಿಂಪ್ರಿಯ ಹಿಂದೂಸ್ತಾನ್ ಆ್ಯಂಟಿಬಯೋಟಿಕ್ಸ್ ಕಾರ್ಖಾನೆಯಲ್ಲಿ ದುಡಿದು ನಿವೃತ್ತರಾದವರು. ಎಂಬತ್ತು ದಾಟಿದೆ. ಕಾರ್ಖಾನೆಯ ಕಾಂಪೌಂಡಿನ ಹೊರಗೆ ನಿಂತು ಕೈಕೋಲಿನಿಂದ ತೋರಿಸುತ್ತಾ ಹೋದರು. ದೇಶದ ಮೊದಲ ಸರ್ಕಾರಿ ಔಷಧ ಕಾರ್ಖಾನೆ ಇದು. ವಿಶ್ವ ಆರೋಗ್ಯ ಸಂಸ್ಥೆ ಮತ್ತು ಯುನಿಸೆಫ್ ನೆರವಿನಿಂದ 1954ರಲ್ಲಿ ಸ್ಥಾಪನೆಯಾಗಿ 1955ರಲ್ಲಿ ಪೆನಿಸಿಲಿನ್ ತಯಾರಿಕೆ ಶುರುವಾಯಿತು. ಅದಕ್ಕೆ ಮುಂಚೆ ಪೆನಿಸಿಲಿನ್ ಹಡಗಿನಲ್ಲಿ ಬರಬೇಕಿತ್ತು. ಬಾಣಂತಿಯರ ನಂಜು, ಮಕ್ಕಳ ನ್ಯುಮೋನಿಯಾ ನೋಡಿ ಬೆಳೆದ ತಲೆಮಾರಿಗೆ ಈ ಗೇಟು ಎಂದರೆ ಏನು ಎಂಬುದು ಕಾಕಾರ ದನಿಯಲ್ಲೇ ಇತ್ತು.

“ಮನೆ ಎತ್ತರದ ಉಕ್ಕಿನ ತೊಟ್ಟಿಗಳು. ಒಳಗೆ ಬೂಸ್ಟು ಬೆಳೆಯುತ್ತಿತ್ತು. ಅದಕ್ಕೆ ಗೋವಿನಜೋಳ ನೆನೆಸಿದ ರಸ, ಸಕ್ಕರೆ, ಕೆಳಗಿನಿಂದ ಶುದ್ಧ ಗಾಳಿ. ನಮಗೆ ಕಲಿಸಿದ ಮೊದಲ ಪಾಠ ಏನು ಗೊತ್ತೇ? ಹೊರಗಿನ ಒಂದು ಬ್ಯಾಕ್ಟೀರಿಯಾ ಒಳಗೆ ಹೋಯಿತು ಎಂದರೆ ತೊಟ್ಟಿಯೇ ಹೋಯಿತು.”

ಹೋಗುವುದು ಹೇಗೆಂದರೆ, ಕೆಲವು ಬ್ಯಾಕ್ಟೀರಿಯಾಗಳು ಪೆನಿಸಿಲಿನೇಸ್ ಎಂಬ ಕಿಣ್ವ ಬಿಟ್ಟು ಅಷ್ಟೂ ಪೆನಿಸಿಲಿನ್ ಅನ್ನು ಹಾಳು ಮಾಡಿಬಿಡುತ್ತವೆ. ಈ ಕಿಣ್ವವನ್ನು ಎಬ್ರಹಾಂ ಮತ್ತು ಚೈನ್ ಎಂಬ ವಿಜ್ಞಾನಿಗಳು 1940ರಲ್ಲೇ ವರದಿ ಮಾಡಿದ್ದರು, ಅಂದರೆ ಆಕ್ಸ್‌ಫರ್ಡಿನಲ್ಲಿ ಪೆನಿಸಿಲಿನ್ ಪಡೆದ ಮೊದಲ ರೋಗಿಗಳಲ್ಲೊಬ್ಬನಾದ ಪೊಲೀಸ್ ಪೇದೆಗೆ ಅದನ್ನು ಚುಚ್ಚುವುದಕ್ಕೆ ಮುಂಚೆಯೇ. ಪೆನಿಸಿಲಿನ್ ಕಂಡುಹಿಡಿದ ಅಲೆಕ್ಸಾಂಡರ್ ಫ್ಲೆಮಿಂಗ್ 1945ರ ನೊಬೆಲ್ ಭಾಷಣದಲ್ಲಿ, ಕಡಿಮೆ ಪ್ರಮಾಣದಲ್ಲಿ ಔಷಧ ಕೊಟ್ಟರೆ ಸೂಕ್ಷ್ಮಜೀವಿಗಳು ಅದಕ್ಕೆ ಒಗ್ಗಿಕೊಳ್ಳುತ್ತವೆ ಎಂದು ಎಚ್ಚರಿಸಿದ್ದರು. ಒಂದು ತೊಟ್ಟಿಯನ್ನು ಕಾಯಲು ಕಾಕಾರಂಥವರು ಗಾಳಿಯನ್ನೂ ಸೋಸಿ ಬಿಡುತ್ತಿದ್ದರು. ಅದೇ ಕಿಣ್ವದ ಬಳಗಕ್ಕೆ, ಅದರ ಇನ್ನೂ ಬಲಿಷ್ಠ ಸಂತತಿಗೆ, ನಾವು ಒಂದು ಇಡೀ ನದಿಯನ್ನು ಬಿಟ್ಟುಕೊಟ್ಟಿದ್ದೇವೆ. ಇದನ್ನು ಕಾಕಾರಿಗೆ ವಿವರಿಸಿದಾಗ ಅವರು ಬಹಳ ಹೊತ್ತು ಮಾತಾಡಲಿಲ್ಲ. ಆಮೇಲೆ “ಸೋಸದೆ ಬಿಟ್ಟರೇ?” ಎಂದು ಒಂದೇ ಪ್ರಶ್ನೆ ಕೇಳಿದರು.

ಔಷಧ ಕಾರ್ಖಾನೆಗಳ ತ್ಯಾಜ್ಯದ ಮಾತೂ ಬಂತು. ಹೈದರಾಬಾದಿನ ಬಳಿಯ ಪಟಾನ್‌ಚೆರುವಿನಲ್ಲಿ, ಹಲವು ಕಾರ್ಖಾನೆಗಳ ನೀರು ಶುದ್ಧೀಕರಿಸುವ ಘಟಕದಿಂದ ಹೊರಬಿದ್ದ ನೀರಿನಲ್ಲಿ ಲೀಟರಿಗೆ 31 ಮಿಲಿಗ್ರಾಂವರೆಗೆ ಸಿಪ್ರೊಫ್ಲಾಕ್ಸಾಸಿನ್ ಸಿಕ್ಕಿದ್ದನ್ನು 2007ರಲ್ಲಿ ಸ್ವೀಡನ್ನಿನ ವಿಜ್ಞಾನಿಗಳು ಪ್ರಕಟಿಸಿದ್ದರು. 2020ರ ಜನವರಿಯಲ್ಲಿ ಕೇಂದ್ರ ಸರ್ಕಾರ ಔಷಧ ಕಾರ್ಖಾನೆಗಳ ತ್ಯಾಜ್ಯದಲ್ಲಿ ಆ್ಯಂಟಿಬಯೋಟಿಕ್ ಶೇಷಕ್ಕೆ ಮಿತಿ ಹಾಕುವ ಕರಡು ಹೊರಡಿಸಿತು. 2021ರ ಅಂತಿಮ ಅಧಿಸೂಚನೆಯಲ್ಲಿ ಆ ಮಿತಿಗಳು ಇರಲಿಲ್ಲ. ಜಗತ್ತಿಗೆ ಔಷಧ ಮಾರುವ ದೇಶ ಹೀಗೆ ಹಿಂದೆ ಸರಿಯಬಾರದಿತ್ತು.

ಸೋಮವಾರ, ಕವಡಿಪಾಟ್‌ನಿಂದ ರಾಂಜಣಗಾವ್ ಸಾಂಡಸಕ್ಕೆ

ಬೆಳಿಗ್ಗೆ ಭಾವನ ಕಾರಿನಲ್ಲಿ ಸೊಲ್ಲಾಪುರ ರಸ್ತೆ ಹಿಡಿದೆವು. ಲೋಣಿ ಕಾಳಭೋರ್ ಸಮೀಪದ ಕವಡಿಪಾಟ್‌ನಲ್ಲಿ ಕ್ಯಾಮೆರಾ ಹಿಡಿದ ಪಕ್ಷಿಪ್ರೇಮಿಗಳು ಆಗಲೇ ಸಾಲಾಗಿ ಕುಳಿತಿದ್ದರು. ಮಂಜಿನೊಳಗೆ ಚಕ್ರವಾಕಗಳ ಜೋಡಿಗಳು, ಬಣ್ಣದ ಕೊಕ್ಕರೆಗಳು, ಕೆಂಪು ಕಾಲಿನ ಮೆಟ್ಟುಗಾಲು ಹಕ್ಕಿಗಳು. ಚಕ್ರವಾಕಗಳು ಹಿಮಾಲಯದ ಆಚೆಯಿಂದ ಚಳಿಗಾಲಕ್ಕೆ ಇಳಿದು ಬಂದವು. ಅವು ನಿಂತಿದ್ದ ಕಲ್ಲುಗಳ ಸುತ್ತ ಪ್ಲಾಸ್ಟಿಕ್ ಚೀಲಗಳು ಜೋತುಬಿದ್ದಿದ್ದವು, ನಡುವೆ ಬಿಳಿ ನೊರೆಯ ಗಡ್ಡೆಗಳು ತೇಲುತ್ತಿದ್ದವು. ಕೊಳಚೆಯ ಹುಳಹುಪ್ಪಟೆ ಹಕ್ಕಿಗಳಿಗೆ ಹೇರಳ ಆಹಾರ. ವಲಸೆ ಹಕ್ಕಿಗಳ ಹಿಕ್ಕೆಯಲ್ಲಿ ಪ್ರತಿರೋಧಿ ಬ್ಯಾಕ್ಟೀರಿಯಾಗಳು ಸಿಕ್ಕಿದ್ದನ್ನು ಜಗತ್ತಿನ ಹಲವೆಡೆ ದಾಖಲಿಸಿದ್ದಾರೆ. ಇದನ್ನು ತಿಳಿದ ಮೇಲೆ ಆ ಸೊಬಗನ್ನು ನಿರಾಳವಾಗಿ ನೋಡುವುದು ನನ್ನಿಂದಾಗಲಿಲ್ಲ.

ಸ್ವಲ್ಪ ಕೆಳಗೆ ಒಬ್ಬ ಹೆಂಗಸು ಮೊಣಕಾಲುದ್ದ ನೀರಿನಲ್ಲಿ ನಿಂತು ಮೆಂತ್ಯದ ಕಟ್ಟುಗಳನ್ನು ಅದ್ದಿ ಜಾಡಿಸುತ್ತಿದ್ದಳು. ಬೇರಿನ ಮಣ್ಣು ಹೋಗಿ ಸೊಪ್ಪು ಫಳಫಳ ಹೊಳೆಯುತ್ತಿತ್ತು. ಬುಟ್ಟಿ ತುಂಬಿದ ಮೇಲೆ ಅವಳ ಗಂಡ ಅದನ್ನು ಟೆಂಪೋಗೆ ಏರಿಸಿದ. ಅವರನ್ನು ದೂರುವುದು ಸಲ್ಲದು. ಬಾವಿ ಬತ್ತಿದ ದಂಡೆಯಲ್ಲಿ ವರ್ಷವಿಡೀ ಹರಿಯುವ ನೀರು ಇದೊಂದೇ. ಆದರೆ ಆ ಮೆಂತ್ಯ ಮಧ್ಯಾಹ್ನದೊಳಗೆ ಮತ್ತೆ ಪುಣೆಯ ಅಡುಗೆಮನೆಗಳಲ್ಲಿ ಇರುತ್ತದೆ. ಬೇಯಿಸಿದರೆ ಬ್ಯಾಕ್ಟೀರಿಯಾ ಸಾಯುತ್ತದೆ. ಕೋಸಂಬರಿಗೆ ಹಸಿಯಾಗಿ ಹಾಕಿದರೆ, ಅದೇ ಹಲಗೆಯ ಮೇಲೆ ಸೌತೆಕಾಯಿ ಹೆಚ್ಚಿದರೆ, ಕರುಳಿಗೆ ದಾರಿ ಸಿಕ್ಕಂತೆಯೇ. ಕಾಯಿಲೆ ಬೀಳಬೇಕೆಂದೇನೂ ಇಲ್ಲ. ಆ ತಳಿ ತಿಂಗಳುಗಟ್ಟಲೆ ಕರುಳಿನಲ್ಲಿ ಸುಮ್ಮನೆ ಇದ್ದು, ಎಂದೋ ಒಂದು ದಿನ ಮೂತ್ರನಾಳಕ್ಕೆ ಹತ್ತಬಹುದು. ಗುರುವಾರ ಕೇಳಿಕೊಂಡ ಪ್ರಶ್ನೆಗೆ ಇದು ಉತ್ತರವೆಂದಲ್ಲ. ಆದರೆ ಇಂತಹ ದಾರಿಯೊಂದು ಹಾಡಹಗಲೇ ತೆರೆದಿರುವುದನ್ನು ಕಣ್ಣಾರೆ ಕಂಡೆ. ಜಗತ್ತಿನಲ್ಲಿ 2019ರ ಒಂದೇ ವರ್ಷದಲ್ಲಿ ಔಷಧಕ್ಕೆ ಬಗ್ಗದ ಸೋಂಕಿನಿಂದಲೇ ನೇರವಾಗಿ ಸತ್ತವರು 12.7 ಲಕ್ಷ ಎಂದು ‘ಲ್ಯಾನ್ಸೆಟ್’ ಅಂದಾಜು ಮಾಡಿದೆ.

ಥೇಊರಿನ ಚಿಂತಾಮಣಿ ಗಣಪತಿಗೆ ಕೈಮುಗಿದು ಮುಂದೆ ಹೊರಟಾಗ ಹುಡುಗಿಯ ಮೊಬೈಲಿಗೆ ಪ್ರಯೋಗಾಲಯದ ಗೆಳತಿಯಿಂದ ಚಿತ್ರಗಳು ಬಂದವು. ಮ್ಯಾಕ್‌ಕಾಂಕಿ ಅಗರ್ ತಟ್ಟೆಗಳು, ಬ್ಯಾಕ್ಟೀರಿಯಾ ಬೆಳೆಸಿ ನೋಡುವಂಥವು. ಈ-ಕೋಲೈಯಂಥವು ಅದರ ಮೇಲೆ ಗುಲಾಬಿ ಬಣ್ಣದ ಚುಕ್ಕೆಗಳಾಗಿ ಬೆಳೆಯುತ್ತವೆ. ಖಡಕವಾಸಲೆಯ ತಟ್ಟೆಯಲ್ಲಿ ಅಲ್ಲೊಂದು ಇಲ್ಲೊಂದು ಚುಕ್ಕೆ. ಔಷಧ ಬೆರೆಸಿದ ತಟ್ಟೆ ಖಾಲಿ. ಓಂಕಾರೇಶ್ವರದ ನೀರನ್ನು ಸಾವಿರ ಪಟ್ಟು ತೆಳುಗೊಳಿಸಿ ಹಾಕಿದ್ದರೂ ತಟ್ಟೆ ಗುಲಾಬಿಮಯ. ಸೆಫೊಟ್ಯಾಕ್ಸಿಮ್ ಎಂಬ ಆ್ಯಂಟಿಬಯೋಟಿಕ್ ಬೆರೆಸಿದ್ದರಲ್ಲಿಯೂ ದಟ್ಟ ಬೆಳೆ. ಮೆರೊಪೆನೆಮ್ ಬೆರೆಸಿದ ತಟ್ಟೆಯನ್ನು ನಾನು ಬೆರಳಿನಿಂದ ಹಿಗ್ಗಿಸಿ ನೋಡಿದೆ. ಅಲ್ಲಿಯೂ ಚುಕ್ಕೆಗಳಿದ್ದವು.

“ಇಷ್ಟಕ್ಕೇ ಏನನ್ನೂ ಹೇಳಬೇಡಿ ಮಾಮಾ,” ಎಂದಳು ಅವಳು. “ಮಣ್ಣು ನೀರಿನಲ್ಲಿ ಹುಟ್ಟಿನಿಂದಲೇ ಮೆರೊಪೆನೆಮ್‌ಗೆ ಬಗ್ಗದ ಜಾತಿಗಳೂ ಇವೆ. ಒಂದೊಂದನ್ನೂ ಬೇರ್ಪಡಿಸಿ, ಯಾವ ಜಾತಿ, ಯಾವ ಜೀನ್ ಎಂದು ನೋಡಿದ ಮೇಲೆಯೇ ಮಾತು.” ಅವಳ ಸಂಯಮ ನನಗೆ ಮೆಚ್ಚಿಗೆಯಾಯಿತು. ಈ ವಿಷಯದಲ್ಲಿ ಭಯ ಹುಟ್ಟಿಸುವವರು ಬಹಳ, ಎಣಿಸುವವರು ಕಡಿಮೆ.

ರಾಂಜಣಗಾವ್ ಸಾಂಡಸದಲ್ಲಿ ಮುಳಾ-ಮುಠಾ ಭೀಮೆಗೆ ಸೇರುವ ಜಾಗಕ್ಕೆ ಕಬ್ಬಿನ ಗದ್ದೆಗಳ ನಡುವೆ ಹೋದೆವು. ಎರಡು ಸೀಸೆ ತುಂಬಿದೆವು: ಒಂದು ಕೂಡುವುದಕ್ಕೆ ಮುಂಚಿನ ಭೀಮೆಯಿಂದ, ಒಂದು ಕೂಡಿದ ಮೇಲಿನದರಿಂದ. ಇಲ್ಲಿಂದ ಉಜನಿಯ ವಿಶಾಲ ಹಿನ್ನೀರಿನಲ್ಲಿ ನಿಂತು, ಬಿಸಿಲಿಗೆ ಕಾದು, ಹೂಳಾಗಿ ತಳ ಸೇರಿ, ಈ ಬ್ಯಾಕ್ಟೀರಿಯಾಗಳಲ್ಲಿ ಎಷ್ಟೋ ಸಾಯುತ್ತವೆ. ಎಷ್ಟು ಉಳಿದು ನಮ್ಮಲ್ಲಿಗೆ ಬರುತ್ತವೆ ಎಂಬುದನ್ನು ಅಳೆದೇ ತಿಳಿಯಬೇಕು. ನದಿ ನೀರಿನ ಮಾಮೂಲಿ ತಪಾಸಣೆ ಎಂದರೆ ಕೊಳೆ ಕರಗಲು ಬೇಕಾಗುವ ಆಮ್ಲಜನಕದ ಬೇಡಿಕೆ, ಮಲದ ಕುರುಹಾದ ಕೋಲಿಫಾರ್ಮ್ ಬ್ಯಾಕ್ಟೀರಿಯಾಗಳ ಎಣಿಕೆ. ಆ ಕೋಲಿಫಾರ್ಮ್‌ಗಳು ಯಾವ ಔಷಧಕ್ಕೆ ಬಗ್ಗುತ್ತವೆ ಎಂಬುದು ಆ ಎಣಿಕೆಯಲ್ಲಿ ಬರುವುದಿಲ್ಲ.

ಹಾಗಾಗಿ ಕಾರಿನಲ್ಲೇ ಕುಳಿತು ಒಂದು ಪಟ್ಟಿ ಮಾಡಿದೆವು. ಉಜನಿಯ ಕೆಳಗೆ ಒಂದು ಜಾಗ, ಪಂಢರಪುರದ ಮೇಲೆ ಒಂದು, ಕೆಳಗೆ ಒಂದು, ಸೊನ್ನ ಬ್ಯಾರೇಜು, ಗಾಣಗಾಪುರದ ಸಂಗಮ. ಮೇಲಿನ ಮೂರು ಅವಳ ಪಾಲಿಗೆ, ಕೆಳಗಿನ ಎರಡು ನನ್ನ ಪಾಲಿಗೆ. ನನ್ನ ವಿದ್ಯಾರ್ಥಿಗಳಿಗೆ ಸೀಸೆಯನ್ನು ನೀರಿನೊಳಗೇ ತೆರೆದು ಮುಚ್ಚುವುದನ್ನು ಕಲಿಸಬೇಕು. ನೀರು ಬೆಳಗಿನ ಜಾವವೇ ಹಿಡಿದು ಕಲಬುರಗಿಗೆ ತಂದರೆ ಅದೇ ಉದ್ಯಾನ್ ಎಕ್ಸ್‌ಪ್ರೆಸ್ಸಿನಲ್ಲಿ ಸಂಜೆಯೊಳಗೆ ಪುಣೆ ತಲುಪುತ್ತದೆ. ಇಪ್ಪತ್ತನಾಲ್ಕು ಗಂಟೆಯ ಗಡುವಿಗೆ ಸಾಕಷ್ಟು ಹೊತ್ತು ಉಳಿಯುತ್ತದೆ. ಐಸ್ ಹಿಂದಿನ ರಾತ್ರಿಯೇ ತರಿಸಿಟ್ಟುಕೊಳ್ಳಬೇಕು. ಅವಳ ಪ್ರಾಧ್ಯಾಪಕರು ಒಪ್ಪಿದ್ದಾರೆ. ನಮ್ಮ ಪ್ರಾಂಶುಪಾಲರಿಗೆ ಬರೆಯುವ ಅರ್ಜಿಯನ್ನು ನಾನು ಊರಿಗೆ ಮರಳುವಾಗ ದೌಂಡ್ ದಾಟುವ ಮುಂಚೆಯೇ ಬರೆದು ಮುಗಿಸಿದೆ.